ಜೋಡಿ ಮೊಲಗಳಲ್ಲಿ ಒಂದಕ್ಕೆ ಮಾತ್ರ ಶಸ್ತ್ರಚಿಕಿತ್ಸೆಯಾದಾಗ



ನಮ್ಮ ಧರ್ಮಕೇಂದ್ರದ ಕೆಲವು ಮನೆಗಳಲ್ಲಿ ಈಗ ಹಸು, ಕುರಿ, ಕೋಳಿಗಳ ಜೊತೆಗೆ ಮೊಲಗಳೂ ಸೇರಿಕೊಂಡಿವೆ. ಮಕ್ಕಳು ಹಟ ಮಾಡುತ್ತಾರೆ, ತಂದೆಯು ಹಿಂದೂಪುರಕ್ಕೆ ಹೋದಾಗ ಒಂದು ಜೋಡಿ ತಂದುಕೊಡುತ್ತಾರೆ. ಕೆಲವೇ ತಿಂಗಳಲ್ಲಿ ಎರಡು ಹತ್ತಾಗುತ್ತವೆ. ಆಗ ಯಾರೋ ಒಬ್ಬರು, "ಒಂದಕ್ಕೆ ಆಪರೇಷನ್ ಮಾಡಿಸಿಬಿಡಿ, ತೊಂದರೆ ತಪ್ಪುತ್ತದೆ" ಎನ್ನುತ್ತಾರೆ. ಇದು ಅರ್ಧ ಸತ್ಯ. ಉಳಿದರ್ಧವನ್ನು ತಿಳಿಸುವುದು ನಮ್ಮ ಕರ್ತವ್ಯ, ಏಕೆಂದರೆ ಅದನ್ನು ತಿಳಿಯದೆ ನಾವೇ ಒಮ್ಮೆ ತಪ್ಪು ಸಲಹೆ ಕೊಟ್ಟಿದ್ದೇವೆ.

ಪೆನುಕೊಂಡದ ಸಮೀಪದ ಒಂದು ಶೇಂಗಾ ಬೆಳೆಗಾರರ ಮನೆ. ಗಂಡು ಮೊಲಕ್ಕೆ ಬೀಜ ತೆಗೆಸಿ ಒಂದು ವಾರವಾಗಿತ್ತು. ಭಾನುವಾರದ ಬಲಿಪೂಜೆಯ ನಂತರ ಆ ಮನೆಯ ಹುಡುಗಿ ಬಂದು, "ಸ್ವಾಮಿ, ಎರಡನ್ನೂ ಒಟ್ಟಿಗೆ ಬಿಡಬಹುದೇ?" ಎಂದು ಕೇಳಿದಳು. "ಆಪರೇಷನ್ ಆಯಿತಲ್ಲ, ಇನ್ನೇನು ಭಯ?" ಎಂದುಬಿಟ್ಟೆವು. ಮರುದಿನ ಒಟ್ಟಿಗೆ ಬಿಟ್ಟರು. ಮೂವತ್ತೊಂದನೆಯ ದಿನ ತಗಡಿನ ಸೂರಿನ ಕೆಳಗೆ, ಮೇ ತಿಂಗಳ ಬಿಸಿಲಿನಲ್ಲಿ, ಏಳು ಮರಿಗಳು ಹುಟ್ಟಿದವು. ಸಂಜೆಯ ಹೊತ್ತಿಗೆ ಐದು ಸತ್ತಿದ್ದವು. ಆ ಮಗು ನಮ್ಮನ್ನು ಏನೂ ಅನ್ನಲಿಲ್ಲ, ಆದರೆ ನಮ್ಮ ಮುಖವನ್ನೇ ನೋಡುತ್ತಿತ್ತು.

ಎಲ್ಲಿ ತಪ್ಪಿತು? ಬೀಜ ತೆಗೆದ ಮಾತ್ರಕ್ಕೆ ಗಂಡು ಮೊಲ ಅದೇ ದಿನ ಬರಡಾಗುವುದಿಲ್ಲ. ಮೊದಲೇ ನಾಳಗಳಲ್ಲಿ ಸೇರಿದ ವೀರ್ಯಾಣುಗಳು ಕೆಲವು ವಾರ ಉಳಿದಿರುತ್ತವೆ. ಆದ್ದರಿಂದ ಪೂರ್ತಿ ಆರು ವಾರ ಅದನ್ನು ಹೆಣ್ಣಿನಿಂದ ದೂರ ಇಡಬೇಕು. ಹೋರಿಗೆ ಬೀಜ ಒಡೆಸಿದ ಮೇಲೂ ಕೆಲವು ದಿನ ಅದು ಹಸುವಿನ ಮೇಲೆ ಏರುವುದನ್ನು ನೀವೇ ನೋಡಿದ್ದೀರಿ. ಹಸುವಿನಂತೆ ಬೆದೆಯ ದಿನ ನೋಡಿ ಬೇರ್ಪಡಿಸುತ್ತೇವೆ ಎನ್ನುವ ಲೆಕ್ಕವೂ ಇಲ್ಲಿ ನಡೆಯದು. ಹೆಣ್ಣು ಮೊಲದಲ್ಲಿ ಕೂಡಿದ ನಂತರವೇ, ಸುಮಾರು ಹತ್ತು ಗಂಟೆಯ ಮೇಲೆ, ಅಂಡ ಬಿಡುಗಡೆಯಾಗುತ್ತದೆ. ಮರಿ ಹಾಕಿದ ದಿನವೇ ಅದು ಮತ್ತೆ ಗರ್ಭ ಧರಿಸಬಲ್ಲದು. ಮೇಲೆ ಹೇಳಿದ ಮನೆಯಲ್ಲಿ ಮರಿ ಹುಟ್ಟಿದ ದಿನಕ್ಕೆ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಆರು ವಾರ ತುಂಬಿರಲಿಲ್ಲ. ಅದೇ ಸಂಜೆ ಗಂಡನ್ನು ಬೇರೆ ಗೂಡಿಗೆ ಹಾಕಿಸಿದೆವು.

ಯಾವುದಕ್ಕೆ ಮಾಡಿಸಬೇಕು?

ಸಾಧ್ಯವಿದ್ದರೆ ಎರಡಕ್ಕೂ. ಒಂದಕ್ಕೆ ಮಾತ್ರ ಹಣ ಹೊಂದುವುದಾದರೆ ಗಂಡಿಗೆ ಮಾಡಿಸುವುದು ಸುಲಭ, ಅಪಾಯವೂ ಕಡಿಮೆ. ಮರಿಗಳ ಚಿಂತೆ ಆರು ವಾರದ ನಂತರ ತೀರುತ್ತದೆ. ಆದರೆ ಹೆಣ್ಣಿನ ಸ್ವಭಾವ ಹಾಗೆಯೇ ಉಳಿಯುತ್ತದೆ. ತನ್ನ ಗೂಡಿಗೆ ಬಂದವನನ್ನು ಅದು ಕಚ್ಚಿ ಓಡಿಸಬಹುದು. ಗರ್ಭವಿಲ್ಲದಿದ್ದರೂ ಗರ್ಭವಿದ್ದಂತೆ ತನ್ನ ಎದೆಯ ತುಪ್ಪಳ ಕಿತ್ತು ಗೂಡು ಕಟ್ಟುವ ಸುಳ್ಳು ಬಸಿರು ಅದಕ್ಕೆ ಬರುತ್ತದೆ. ಇದು ಹದಿನಾರು, ಹದಿನೆಂಟು ದಿನ ಇರುತ್ತದೆ. ಆ ದಿನಗಳಲ್ಲಿ ಅದರ ತಂಟೆಗೆ ಹೋಗಬಾರದು. ಜೊತೆಗೆ, ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಬಹುಕಾಲ ಸಾಕುವ ಮನಸ್ಸಿದ್ದರೆ ಹೆಣ್ಣಿಗೂ ಮಾಡಿಸಲು ಹಣ ಕೂಡಿಡಿ.

ಹೆಣ್ಣಿಗೆ ಮಾತ್ರ ಮಾಡಿಸಿ ಗಂಡನ್ನು ಹಾಗೆಯೇ ಬಿಟ್ಟರೆ ಮರಿ ಆಗುವುದಿಲ್ಲ ನಿಜ. ಆದರೆ ಗಂಡು ಬಿಡದೆ ಅದರ ಮೇಲೆ ಏರುತ್ತದೆ, ಮೂತ್ರ ಸಿಡಿಸುತ್ತದೆ. ಹೆಣ್ಣು ಬೇಸತ್ತು ಕಚ್ಚುತ್ತದೆ. ಗಾಯ ಪೂರ್ತಿ ಮಾಯುವವರೆಗೆ, ಎರಡು ಮೂರು ವಾರವಾದರೂ, ಅದರ ಬಳಿ ಗಂಡನ್ನು ಬಿಡಲೇಬೇಡಿ.

ಒಂಟಿ ಮೊಲಕ್ಕೆ ಜೊತೆ ಇರಲೆಂದು ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ತರುವವರೂ ಇದ್ದಾರೆ. ಅದು ಬೇರೆಯೇ ಜಾತಿ, ಇವೆರಡೂ ಕೂಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿಯುವುದು ಅಪರಾಧವೂ ಹೌದು.

ಸ್ನೇಹ ಮಾಡಿಸುವ ಕ್ರಮ

ಮೊಲದ ಸಾಕಣೆ ಮಾಡುವವರಲ್ಲಿ ಒಂದು ಹಳೆಯ ನಿಯಮವಿದೆ: ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕು, ಗಂಡನ್ನು ಹೆಣ್ಣಿನ ಗೂಡಿಗೆ ಒಯ್ಯಬಾರದು. ತನ್ನ ಜಾಗದಲ್ಲಿ ಹೆಣ್ಣು ಜಗಳಗಂಟಿ. ಜೊತೆಯಾಗಿ ಬಾಳಿಸುವುದಾದರೆ ಇನ್ನೂ ಎಚ್ಚರ ಬೇಕು. ಎರಡಕ್ಕೂ ಸೇರದ ಹೊಸ ಜಾಗವೇ ಒಳ್ಳೆಯದು.

ಮೊದಲು ಎರಡು ವಾರ ಗೂಡುಗಳನ್ನು ಪಕ್ಕಪಕ್ಕದಲ್ಲಿಟ್ಟು, ನಡುವೆ ಕಚ್ಚಲಾಗದಷ್ಟು ಅಂತರ ಬಿಡಿ. ಒಂದರ ಹಾಸು ಹುಲ್ಲನ್ನು ಇನ್ನೊಂದಕ್ಕೆ ಬದಲಿಸುತ್ತಿರಿ, ವಾಸನೆ ಪರಿಚಯವಾಗಲಿ. ಆಮೇಲೆ ಎರಡೂ ಎಂದೂ ಕಾಣದ ಕೋಣೆಯಲ್ಲಿ, ತಂಪು ಹೊತ್ತಿನಲ್ಲಿ, ಹತ್ತು ನಿಮಿಷ ಬಿಡಿ. ಔಷಧಿ ಸಿಂಪಡಿಸದ ಹಿಪ್ಪುನೇರಳೆ ಸೊಪ್ಪನ್ನು ಅಲ್ಲಲ್ಲಿ ಹರಡಿರಿ. ತಿನ್ನುವ ಬಾಯಿಗೆ ಜಗಳದ ಬಿಡುವಿಲ್ಲ. ನೀವು ಅಲ್ಲೇ ಕುಳಿತಿರಬೇಕು. ಒಂದು ಇನ್ನೊಂದರ ಮೇಲೆ ಏರಿದರೆ ಮೆಲ್ಲಗೆ ಇಳಿಸಿ. ತಲೆಯ ಕಡೆಯಿಂದ ಏರಿದರೆ ತಕ್ಷಣ ಇಳಿಸಿ, ಅಲ್ಲಿ ಕಡಿತ ಅಪಾಯಕಾರಿ. ಕಿವಿ ಹಿಂದಕ್ಕೆ ಒತ್ತಿ, ಬಾಲ ಎತ್ತಿ, ಸುತ್ತು ಹೊಡೆಯತೊಡಗಿದರೆ ಜಗಳ ಹತ್ತಿರವಿದೆ. ಉರುಳಾಡಿ ಕಚ್ಚಾಡಿದರೆ ಬರಿಗೈ ಹಾಕದೆ ದಪ್ಪ ಗೋಣಿಯಿಂದ ಬಿಡಿಸಿ, ಕೆಲವು ದಿನ ಬಿಟ್ಟು ಮತ್ತೆ ಮೊದಲಿನಿಂದ ಆರಂಭಿಸಿ. ದಿನದಿನಕ್ಕೆ ಹೊತ್ತು ಹೆಚ್ಚಿಸಿ. ಒಂದರ ತಲೆಯನ್ನು ಇನ್ನೊಂದು ನೆಕ್ಕಿ, ಮೈಗೆ ಮೈ ತಾಗಿಸಿ ಮಲಗಿದರೆ ಸ್ನೇಹವಾಯಿತೆಂದು ತಿಳಿಯಿರಿ. ಅಲ್ಲಿಯವರೆಗೆ ರಾತ್ರಿ ಒಟ್ಟಿಗೆ ಬಿಡಬೇಡಿ.

ವೈದ್ಯರ ಬಳಿ ಹೋಗುವಾಗ

ಮೊಲಕ್ಕೆ ಅರಿವಳಿಕೆ ಕೊಟ್ಟು ಅನುಭವವಿರುವ ವೈದ್ಯರನ್ನೇ ಕೇಳಿ. ಸಮೀಪದಲ್ಲಿ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೋ ತಿರುಪತಿಯ ಕಾಲೇಜಿನಲ್ಲೋ ವಿಚಾರಿಸಿ. ಎರಡೂ ಹೆಣ್ಣೆಂದು ಹೇಳಿ ಮಾರಿದ್ದರೂ ಅಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳಿ. ಮೊಲಕ್ಕೆ ವಾಂತಿ ಬರುವುದಿಲ್ಲ, ಕರುಳು ನಿಂತರೆ ಅದರ ಪ್ರಾಣಕ್ಕೇ ಅಪಾಯ. ಆದ್ದರಿಂದ ನಾಯಿಗೆ ಮಾಡುವಂತೆ ಹಿಂದಿನ ರಾತ್ರಿ ಉಪವಾಸ ಕೆಡವಬೇಡಿ. ಶಸ್ತ್ರಚಿಕಿತ್ಸೆಯಾದ ದಿನವೇ ಮೇವು ಮುಟ್ಟುತ್ತದೆಯೇ ನೋಡಿ, ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ಎಂದಿಗೂ ತಿನ್ನಿಸಬೇಡಿ. ನಮಗೆ ಔಷಧವಾದದ್ದು ಮೊಲದ ಪ್ರಾಣ ತೆಗೆಯಬಲ್ಲದು.

ಆ ಮನೆಯ ಜೋಡಿ ಬೇರೆಯಾಗಿದ್ದ ದಿನಗಳಲ್ಲಿ ಒಂದಕ್ಕೊಂದು ಅಪರಿಚಿತವಾಗಿ, ಮೊದಲ ಭೇಟಿಯಲ್ಲೇ ಕಚ್ಚಾಡಿದವು. ಹುಡುಗಿ ಬಿಡಲಿಲ್ಲ. ದಿನಾ ಸಂಜೆ ಸೊಪ್ಪು ಹಿಡಿದು ಎರಡರ ನಡುವೆ ಕುಳಿತಳು. ಇಂದು ಅವು ಬೇವಿನ ನೆರಳಿನಲ್ಲಿ ಒಟ್ಟಿಗೆ ಮಲಗುತ್ತವೆ. ಬದುಕಿದ ಎರಡು ಮರಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು. ಮೂರು ತಿಂಗಳು ತುಂಬುವ ಮೊದಲೇ ಅವನ್ನು ಬೇರೆ ಬೇರೆ ಇಟ್ಟಳು. ಈ ಸಲ ನಮ್ಮನ್ನು ಕೇಳಲಿಲ್ಲ!

ನೀತಿವಂತನಾದವನು ತನ್ನ ಪಶುವಿನ ಅಗತ್ಯವನ್ನು ಬಲ್ಲವನು ಎಂಬ ಬೋಧನೆ ಜ್ಞಾನೋಕ್ತಿಗಳ ಗ್ರಂಥದಲ್ಲಿದೆ. ಬಲ್ಲವನಾಗಬೇಕಾದರೆ ಕೇಳಿ ತಿಳಿಯಬೇಕು, ತಿಳಿದ ಮೇಲೆ ಕಾಯಬೇಕು. ಆರು ವಾರ ದೊಡ್ಡ ಅವಧಿಯೇನಲ್ಲ. ಅದು ಹೆಚ್ಚುಕಡಿಮೆ ನಮ್ಮ ತಪಸ್ಸುಕಾಲದಷ್ಟೇ.

ದೇವರು ನಿಮ್ಮ ಮನೆ, ಹೊಲ, ಹಟ್ಟಿಗಳನ್ನು ಆಶೀರ್ವದಿಸಲಿ.