ಮೇದೋಜೀರಕ ಗ್ರಂಥಿಯ ದ್ರವಚೀಲ: ಅವಸರ ಬೇಡ, ಅಲಕ್ಷ್ಯವೂ ಸಲ್ಲದು

ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದವರ ಸ್ಕ್ಯಾನಿಂಗ್ ವರದಿಯಲ್ಲಿ ‘ಮೇದೋಜೀರಕ ಗ್ರಂಥಿಯಲ್ಲಿ ಸಿಸ್ಟ್’ ಎಂಬ ಮಾತು ಕಂಡೊಡನೆ ಮನೆಮಂದಿ ಕಂಗಾಲಾಗುವುದುಂಟು. ‘ಇಂದೇ ತೆಗೆಸಿಬಿಡೋಣ’ ಎಂದು ಒಬ್ಬರೆಂದರೆ, ‘ಆಸ್ಪತ್ರೆಯ ಸಹವಾಸವೇ ಬೇಡ’ ಎಂದು ಮತ್ತೊಬ್ಬರೆನ್ನುತ್ತಾರೆ. ಎರಡೂ ದುಡುಕಿನ ಮಾತುಗಳೇ. ನಾವು ವೈದ್ಯರಲ್ಲ, ಬಲ್ಲವರಿಂದ ಕೇಳಿ, ಓದಿ ಅರಿತುದನ್ನು ಸದ್ಗೃಹಸ್ಥರ ಮುಂದಿಡುತ್ತಿದ್ದೇವೆ.

ಜಠರದ ಹಿಂಬದಿಯಲ್ಲಿರುವ ಈ ಗ್ರಂಥಿಯು ಆಹಾರವನ್ನು ಜೀರ್ಣಿಸುವ ರಸವನ್ನೂ ಇನ್ಸುಲಿನ್ನನ್ನೂ ಸ್ರವಿಸುತ್ತದೆ. ಪಿತ್ತಕೋಶದ ಕಲ್ಲು, ಮದ್ಯಪಾನ ಮೊದಲಾದ ಕಾರಣಗಳಿಂದ ಅದಕ್ಕೆ ಉರಿಯೂತವುಂಟಾದಾಗ ರಸವು ಸೋರಿ ಸುತ್ತಲೂ ನಿಲ್ಲುತ್ತದೆ. ಅದರ ಸುತ್ತ ದೇಹವು ಗಟ್ಟಿಯಾದ ಗೋಡೆ ಕಟ್ಟಿಕೊಳ್ಳಲು ಸಾಮಾನ್ಯವಾಗಿ 4 ವಾರಗಳಾದರೂ ಬೇಕು. ಇದೇ ‘ಸ್ಯೂಡೊಸಿಸ್ಟ್’. ಇಂತಹ ಎಷ್ಟೋ ಚೀಲಗಳು ತಾವಾಗಿಯೇ ಕರಗುತ್ತವೆ. ದೊಡ್ಡದೆಂಬ ಒಂದೇ ಕಾರಣಕ್ಕೆ ಅದಕ್ಕೆ ಕೈಹಾಕಬೇಕಿಲ್ಲ. ನೋವು, ವಾಂತಿ, ಕಾಮಾಲೆ, ಸೋಂಕುಗಳಿಗೆ ಅದು ಕಾರಣವಾದಾಗ ಚಿಕಿತ್ಸೆ ಅಗತ್ಯ.

ಹಿಂದೆ ಇದಕ್ಕಾಗಿ ಉದರವನ್ನು ಕೊಯ್ಯಬೇಕಾಗುತ್ತಿತ್ತು. 1992ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ವೈದ್ಯರು ಅಲ್ಟ್ರಾಸೌಂಡ್ ಎಂಡೋಸ್ಕೋಪಿಯ ಮಾರ್ಗವನ್ನು ವರದಿ ಮಾಡಿದರು. ರೋಗಿಗೆ ಮಂಪರು ಬರಿಸಿ, ಬಾಯಿಯ ಮೂಲಕ ಜಠರಕ್ಕೆ ನಳಿಕೆಯನ್ನಿಳಿಸುತ್ತಾರೆ. ಅದರ ತುದಿಯ ಅಲ್ಟ್ರಾಸೌಂಡ್ ಸಾಧನವು ಜಠರದ ಗೋಡೆಯಾಚೆಯ ಚೀಲವನ್ನೂ ನಡುವಣ ರಕ್ತನಾಳಗಳನ್ನೂ ತೋರಿಸುತ್ತದೆ. ರಕ್ತನಾಳ ತಪ್ಪಿಸಿ ಸೂಜಿಯಿಂದ ದಾರಿ ಮಾಡಿ ಸ್ಟೆಂಟ್ ಇಟ್ಟರೆ ದ್ರವವು ಜಠರಕ್ಕೆ ಹರಿದುಹೋಗುತ್ತದೆ. ಲೋಹದ ಸ್ಟೆಂಟನ್ನು ಕೆಲವು ವಾರಗಳಲ್ಲಿ ಮರೆಯದೆ ತೆಗೆಸಬೇಕು. ತಡವಾದರೆ ರಕ್ತಸ್ರಾವದ ಭಯವುಂಟು.

ಅಮೆರಿಕದಲ್ಲಿ 40 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೊಳಗಾದವರು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 6 ದಿನ ಉಳಿದರೆ, ಎಂಡೋಸ್ಕೋಪಿಯವರಿಗೆ 2 ದಿನ ಸಾಕಾಯಿತು. ಕಾಯುವುದರ ಬೆಲೆಯನ್ನು ತೋರಿಸಿದ್ದು ನೆದರ್ಲೆಂಡ್ಸಿನ 2021ರ ಅಧ್ಯಯನ. ಗ್ರಂಥಿಯ ಭಾಗ ಸತ್ತು ಸೋಂಕು ತಗುಲಿದ, ಇನ್ನೂ ಕಠಿಣ ಸ್ಥಿತಿಯ ರೋಗಿಗಳವರು. ಗೋಡೆ ಬಲಿಯುವವರೆಗೆ ಔಷಧಿ ಕೊಟ್ಟು ಕಾದ 49 ಜನರಲ್ಲಿ 19 ಮಂದಿಗೆ ದ್ರವ ತೆಗೆಯುವ ಅಗತ್ಯವೇ ಬರಲಿಲ್ಲ. ಆದರೆ ಅವರು ಕಾದದ್ದು ವೈದ್ಯರ ಕಣ್ಗಾವಲಿನಲ್ಲಿ, ಮನೆಯಲ್ಲಲ್ಲ ಎಂಬುದನ್ನು ಮರೆಯಬಾರದು.

ಎಲ್ಲ ಚೀಲಗಳೂ ಒಂದೇ ಬಗೆಯವಲ್ಲ. ಲೋಳೆ ತುಂಬಿದ ಕೆಲವು ಮುಂದೆ ಕ್ಯಾನ್ಸರ್ ಆಗಬಲ್ಲವು; ಅವುಗಳ ದ್ರವವನ್ನು ಬಸಿಯುವುದು ಪರಿಹಾರವಲ್ಲ. ಆದುದರಿಂದ ‘ಇದು ಯಾವ ಬಗೆಯದು? ಗೋಡೆ ಬಲಿತಿದೆಯೇ? ಈಗಲೇ ಚಿಕಿತ್ಸೆ ಬೇಕೆ?’ ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ಜ್ವರ, ರಕ್ತವಾಂತಿ, ತಡೆಯಲಾರದ ನೋವು ಕಂಡರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಚೀಲ ಬರಿದಾದರೂ ಮದ್ಯ ಬಿಡದಿದ್ದರೆ, ಪಿತ್ತಕೋಶದ ಕಲ್ಲಿಗೆ ಚಿಕಿತ್ಸೆಯಾಗದಿದ್ದರೆ, ವ್ಯಾಧಿ ಮರಳಿ ಬಂದೀತು. ಮೂಲವನ್ನು ಉಳಿಸಿಕೊಂಡು ಗುಣವನ್ನು ಬಯಸುವುದು ತರವಲ್ಲ.