ಬೀದರ್‌ಗೆ ಹೊರಟವರು ನೀರು ಮರೆಯಬೇಡಿ

ಕರಾವಳಿಯವರಾದ ನಮಗೆ ಸೆಖೆ ಅಂದ್ರೆ ಬೆವರು. ಬೀದರ್‌ನ ಬಿಸಿಲು ಹಾಗಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದುಂಟು. ಗಾಳಿ ಒಣ, ಬೆವರು ಬಂದದ್ದೇ ಆರಿಹೋಗುತ್ತದೆ. ಬಾಯಾರಿಕೆ ಗೊತ್ತಾಗುವ ಮೊದಲೇ ಮೈಯ ನೀರು ಇಳಿದಿರುತ್ತದೆ. ಅಷ್ಟೂರಿನ ಬಹಮನಿ ಗೋರಿಗಳ ಬಳಿ ನಮ್ಮ ಜೊತೆಗಿದ್ದ ಹಿರಿಯರೊಬ್ಬರು ತಲೆಸುತ್ತು ಬಂದು ಕುಳಿತೇಬಿಟ್ಟರು. ನೆರಳಿಗೆ ಕರೆತಂದು, ಒದ್ದೆ ಬಟ್ಟೆ ಹಾಕಿ, ಉಪ್ಪು-ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿದರು, ಅಲ್‌ಹಮ್ದುಲಿಲ್ಲಾಹ್. ಮಾತು ತೊದಲಿದರೆ ಮಾತ್ರ ಕಾಯಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ಬೆಳಿಗ್ಗೆಯೇ ಹೊರಡಿ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದ್ರಸ, ಕೋಟೆ ನೋಡಿ ಮಧ್ಯಾಹ್ನ ಒಳಗಿರಿ. ಭಾಲ್ಕಿ, ಔರಾದ್ ಕಡೆ ಹೋಗುವವರು ಕೊನೆಯ ಬಸ್ಸಿನ ಸಮಯ ಮೊದಲೇ ಕೇಳಿಟ್ಟುಕೊಳ್ಳಿ. ಡಿಸೆಂಬರ್‌ನಲ್ಲಾದರೆ ಸ್ವೆಟರ್ ಬೇಕೇ ಬೇಕು.

ಇನ್ನೊಂದು ಮಾತು. ಅಲ್ಲಿ ಹೆಚ್ಚಿನ ಮಸೀದಿಗಳು ಹನಫಿ. ಅಸರ್ ಬಾಂಗ್ ನಮ್ಮ ಶಾಫಿಈ ಸಮಯಕ್ಕಿಂತ ತಡ. ತರ್ಕ ಬೇಡ. ನಮ್ಮ ಮದ್‌ಹಬಿನಲ್ಲೂ ಆಗ ಅಸರ್ ಸಮಯವೇ, ಜಮಾಅತ್‌ಗೆ ಸೇರಿಕೊಳ್ಳಿ. ಬ್ಯಾರಿ ಭಾಷೆ ಅಲ್ಲಿ ನಡೆಯದು. ದಖ್ಖನಿ ಉರ್ದು ಬಾರದಿದ್ದರೆ ಕನ್ನಡ ಸಾಕು. ಸಲಾಂ ಹೇಳಿ ನೀರು ಕೇಳಿದಲ್ಲೆಲ್ಲ ನಮಗೆ ಸಿಕ್ಕಿದೆ.