ಮೋಟರ್‌ಹೋಮ್‌ನಲ್ಲಿ ಯೂಟಾ: ವಿಡಿಯೋದಲ್ಲಿ ಕಾಣದ ಲೆಕ್ಕಗಳು

ರಿಟೈರಾದ ಗಂಡ-ಹೆಂಡತಿ ಮೋಟರ್‌ಹೋಮ್ ಹತ್ತಿ ತಿಂಗಳುಗಟ್ಟಲೆ ಯೂಟಾ, ಅರಿಜೋನಾ ಸುತ್ತೋದು ಅಮೆರಿಕದಲ್ಲಿ ಮಾಮೂಲಿ. ವಿಡಿಯೋದಲ್ಲಿ ಕೆಂಪು ಬಂಡೆ, ಸೂರ್ಯಾಸ್ತ ಕಾಣ್ಸುತ್ತೆ. ಲೆಕ್ಕಾಚಾರ ಕಾಣ್ಸಲ್ಲ.

ಮೊದಲು ನೀರು. 200 ಲೀಟರ್ ತುಂಬಿಸಿದ್ರೆ 200 ಕೆಜಿ, ಅಂದ್ರೆ ಮೂರು ಜನ ಹೆಚ್ಚಾಗಿ ಹತ್ತಿದ ಹಾಗೆ. ಬಳಸಿದ ನೀರನ್ನೂ ಹೊತ್ತುಕೊಂಡೇ ತಿರುಗಬೇಕು: ಸ್ನಾನದ್ದು ಗ್ರೇ ಟ್ಯಾಂಕ್‌ಗೆ, ಟಾಯ್ಲೆಟ್ಟಿಂದು ಬ್ಲ್ಯಾಕ್ ಟ್ಯಾಂಕ್‌ಗೆ. ಎರಡನ್ನೂ ಖಾಲಿ ಮಾಡೋದು ಡಂಪ್ ಸ್ಟೇಷನ್‌ನಲ್ಲಿ. ಮರುಭೂಮಿಯಲ್ಲಿ ಎಷ್ಟು ದಿನ ಇರಬಹುದು ಅನ್ನೋದನ್ನ ಡೀಸೆಲ್‌ಗಿಂತ ಈ ಟ್ಯಾಂಕ್‌ಗಳೇ ತೀರ್ಮಾನಿಸ್ತವೆ.

ಆಮೇಲೆ ಗಾಡಿಯ ಅಳತೆ. ಜಾಯನ್ ಪಾರ್ಕಿನ ಸುರಂಗ ತೆರೆದದ್ದು 1930ರಲ್ಲಿ, ಉದ್ದ ಸುಮಾರು 1.8 ಕಿ.ಮೀ. ಛಾವಣಿ ಕಮಾನಿನಾಕಾರ, ಹಾಗಾಗಿ ಎತ್ತರದ ಗಾಡಿ ಮಧ್ಯದಲ್ಲೇ ಹೋಗಬೇಕು. ಅದಕ್ಕಾಗಿ ದಶಕಗಳ ಕಾಲ ಎದುರಿನ ಟ್ರಾಫಿಕ್ ನಿಲ್ಲಿಸಿ ಬಿಡ್ತಿದ್ದರು. ಕಾರಿಗೆಂದು ದಾರಿ ತೋರಿಸೋ ಮ್ಯಾಪ್ ಆ್ಯಪ್‌ಗೆ ನಿಮ್ಮ ಗಾಡಿಯ ಎತ್ತರ ಗೊತ್ತಿರಲ್ಲ. ಹೊರಡೋ ಮೊದಲು ಪಾರ್ಕಿನ ಸದ್ಯದ ನಿಯಮ ನೋಡ್ಲೇಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ಗಂಭೀರವಾದದ್ದು ಮಳೆ. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟಿಲೋಪ್ ಕಣಿವೆಯಲ್ಲಿ 11 ಪ್ರವಾಸಿಗಳು ಸತ್ತರು. ಮಳೆ ಸುರಿದದ್ದು ಎಷ್ಟೋ ಮೈಲಿ ಆಚೆ, ಮೇಲ್ಭಾಗದಲ್ಲಿ. ಬರೀ ಬಂಡೆ ನೀರು ಹೀರಲ್ಲ. ಅಷ್ಟೂ ನೀರು ಕೈಚಾಚಿದರೆ ಎರಡೂ ಗೋಡೆ ಸಿಗೋ ಅಂಥ ಸಂದಿಗೆ ನುಗ್ಗುತ್ತೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಲ್ಲೂ ಮಾನ್ಸೂನ್ ಇದೆ. ತಲೆ ಮೇಲೆ ಆಕಾಶ ನೀಲಿಯಾಗಿದೆ ಅಂತ ಇಳಿಯಬಾರದು.

ಅಪ್ಪ-ಅಮ್ಮನನ್ನ ಅಣ್ಣನೋ ಅಕ್ಕನೋ ಅಲ್ಲಿಗೆ ಕರೆಸಿಕೊಂಡಿದ್ರೆ ಇನ್ನೊಂದು ವಿಷಯ: 62 ದಾಟಿದವರ ಸೀನಿಯರ್ ಪಾಸ್ ಅಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ವಿಸಿಟರ್ ವೀಸಾದವರಿಗೆ ಸಿಗಲ್ಲ.